ಎದುರು ಗ್ಯಾಲರಿಯ ಹುಡುಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯವನ್ನು ಹಿಡಿದುಕೊಂಡಿವೆ. ಅವುಗಳಲ್ಲಿ ನಾಲ್ಕು ಒಂದೇ ಹೊಳೆಯ ಎರಡು ದಡಗಳಿಂದ ಬಂದವು ಎಂಬುದು ಓದಿದೊಡನೆ ತಿಳಿಯಿತು. ಬರೆದವರಲ್ಲಿ ಒಬ್ಬರ ಪತ್ರ ಇನ್ನೊಬ್ಬರಿಗೆ ಗೊತ್ತಿರಲಾರದು. ಕ್ಲಬ್ಬುಗಳ ಹೆಸರನ್ನೂ ಊರಿನ ಹೆಸರನ್ನೂ ತೆಗೆದಿದ್ದೇನೆ. ಕುಂಬಳೆ, ಮೊಗ್ರಾಲ್, ಉಪ್ಪಳದ ಕಡೆಯವರು ಊಹೆ ಮಾಡಿಯೇ ಮಾಡುತ್ತಾರೆ, ಅದಕ್ಕೆ ನಾನು ಹೊಣೆಯಲ್ಲ.

ಪ್ರಶ್ನೆ: ಈ ಸೀಸನ್ನಿನ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಪಂದ್ಯಗಳಿಗೆ ನಮ್ಮ ಕ್ಲಬ್ಬಿಗೆ ಲೆಫ್ಟ್ ವಿಂಗಿನಲ್ಲಿ, ಅಂದರೆ ಅಂಗಣದ ಎಡ ಅಂಚಿನಲ್ಲಿ, ಆಡುವವನೊಬ್ಬ ಬೇಕಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸಿಕ್ಕಿದ್ದಾನೆ. ಎಡಗಾಲು ಚೆನ್ನಾಗಿದೆ, ಓಟವೂ ಇದೆ, ಕೇಳಿದ ಹಣವೂ ಹೆಚ್ಚಲ್ಲ. ತೊಂದರೆ ಏನೆಂದರೆ ಅವನು ಹೊಳೆಯಾಚೆಯ ಕ್ಲಬ್ಬಿನ ಅಭಿಮಾನಿ. ಅವರ ಪರವಾಗಿ ಒಂದು ಪಂದ್ಯವನ್ನೂ ಆಡಿದವನಲ್ಲ, ಆದರೆ ವರ್ಷಗಟ್ಟಲೆ ಅವರ ಗ್ಯಾಲರಿಯಲ್ಲಿ ಕುಳಿತು ನಮ್ಮನ್ನು ಹೀಯಾಳಿಸಿದವನು. ಅವನ ಹಳೆಯ ಫೋಟೋ ಈಗ ಊರಿನ ಎಲ್ಲರ ಫೋನಿನಲ್ಲಿದೆ. ಕಮಿಟಿ ಸರಿಯಾಗಿ ಎರಡು ಪಾಲಾಗಿದೆ. ಕಾರ್ಯದರ್ಶಿಯಾದ ನಾನು ಏನು ಮಾಡಬೇಕು?
(ಕಾರ್ಯದರ್ಶಿ, ಕುಂಬಳೆಯ ಸಮೀಪ)

ಉತ್ತರ: ಫೋಟೋವನ್ನು ಪತ್ರದ ಜೊತೆಗೆ ಕಳಿಸಿದ್ದು ಒಳ್ಳೆಯದಾಯಿತು. ಅದನ್ನು ನಾನು ಸಾಕಷ್ಟು ಹೊತ್ತು ನೋಡಿದೆ. ಯಾರದೋ ಹೆಗಲ ಮೇಲೆ ಕುಳಿತ ಹುಡುಗ, ಮೊಣಕಾಲು ಮುಚ್ಚುವ ಹಸಿರು ಜೆರ್ಸಿ, ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ, ಅದರ ಮೇಲೆ ಸುಣ್ಣದಲ್ಲಿ ನಿಮ್ಮ ಕ್ಲಬ್ಬನ್ನು ಕುರಿತು ಬರೆದ ಎರಡು ಪದಗಳು. ಅವುಗಳಲ್ಲಿ ಒಂದರ ಕಾಗುಣಿತ ತಪ್ಪಾಗಿದೆ. ಬಾಯಿ ತೆರೆದು ಕೂಗುತ್ತಿದ್ದಾನೆ, ಮುಂದಿನ ಎರಡು ಹಲ್ಲುಗಳಿಲ್ಲ. ಹಲ್ಲು ಬೀಳುವ ವಯಸ್ಸಿನಲ್ಲಿ ಯಾರೂ ಕ್ಲಬ್ಬನ್ನು ಆರಿಸಿಕೊಳ್ಳುವುದಿಲ್ಲ. ಹೆಗಲು ಯಾರದೋ ಕ್ಲಬ್ಬೂ ಅವರದೇ. ಆ ಹೆಗಲು ಸೋದರಮಾವನದೆಂದು ನೀವೇ ಬರೆದಿದ್ದೀರಿ. ಅಂದಮೇಲೆ ಆ ಫೋಟೋ ಮಾವನ ವಿರುದ್ಧದ ಸಾಕ್ಷಿ, ಹುಡುಗನ ವಿರುದ್ಧದ್ದಲ್ಲ.

ಇಂಥದೇ ಒಂದು ಫೋಟೋ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಹ್ಯಾರಿ ಕೇನ್‌ನದೂ ಇದೆ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಜೆರ್ಸಿ ತೊಟ್ಟು, ಕೂದಲಿಗೆ ಅದರ ಕೆಂಪು ಬಣ್ಣ ಬಳಿದುಕೊಂಡು ನಿಂತ ಬಾಲಕ. ಎಂಟರ ಆಸುಪಾಸಿನಲ್ಲಿ ಅವನು ಆರ್ಸೆನಲ್‌ನ ಕಿರಿಯರ ವಿಭಾಗದಲ್ಲಿ ಒಂದು ವರ್ಷ ಇದ್ದ, ಅವರು ಬೇಡವೆಂದು ಬಿಟ್ಟರು. ಮುಂದೆ ಅವನು ಆಡಿದ್ದು ಆರ್ಸೆನಲ್‌ನ ಹಳೆಯ ವೈರಿಯಾದ ಟಾಟೆನ್‌ಹ್ಯಾಮ್‌ಗೆ, ಮತ್ತು 2023ರಲ್ಲಿ ಜರ್ಮನಿಗೆ ಹೊರಡುವಷ್ಟರಲ್ಲಿ ಆ ಕ್ಲಬ್ಬಿಗೆ ಅವನು ಹೊಡೆದ ಗೋಲುಗಳು 280. ಕ್ಲಬ್ಬಿನ ಚರಿತ್ರೆಯಲ್ಲಿ ಅದೇ ದಾಖಲೆ. ಆ ಫೋಟೋ ಹೊರಬಂದಾಗ ಎರಡೂ ಕಡೆಯವರು ಸಾಕಷ್ಟು ನಕ್ಕರು, ಆಮೇಲೆ ಅವನು ಗೋಲು ಹೊಡೆಯುತ್ತಲೇ ಇದ್ದುದರಿಂದ ನಗು ಒಂದೇ ಕಡೆ ಉಳಿಯಿತು.

ನಿಮ್ಮ ಹೊಳೆಯ ಎರಡು ದಡಗಳಿಗೆ ಇನ್ನೂ ಹತ್ತಿರದ ಉದಾಹರಣೆ ಲಿವರ್‌ಪೂಲ್ ನಗರದ್ದು. ಅಲ್ಲಿನ ಎವರ್ಟನ್ ಕ್ಲಬ್ಬು 1884ರಿಂದ 1892ರವರೆಗೆ ಆಡಿದ್ದು ಆ್ಯನ್‌ಫೀಲ್ಡ್ ಮೈದಾನದಲ್ಲಿ, ಹೌದು, ಈಗ ಲಿವರ್‌ಪೂಲ್ ಎಫ್‌ಸಿಯದೆಂದು ಎಲ್ಲರೂ ಬಲ್ಲ ಅದೇ ಮೈದಾನದಲ್ಲಿ. ಬಾಡಿಗೆಯ ವಿಷಯದಲ್ಲಿ ಜಾಗದ ಯಜಮಾನ ಜಾನ್ ಹೋಲ್ಡಿಂಗ್‌ನೊಂದಿಗೆ ಜಗಳವಾಗಿ ಎವರ್ಟನ್ ಉದ್ಯಾನವೊಂದರ ಆಚೆಗಿನ ಗುಡಿಸನ್ ಪಾರ್ಕಿಗೆ ಹೊರಟುಹೋಯಿತು. ಖಾಲಿ ಉಳಿದ ಮೈದಾನಕ್ಕಾಗಿ ಹೋಲ್ಡಿಂಗ್ ಕಟ್ಟಿದ ತಂಡವೇ ಲಿವರ್‌ಪೂಲ್. ಪಾಲಾದ ಮನೆಯ ಅಣ್ಣತಮ್ಮಂದಿರ ಹಾಗೆ ಅಂದಿನಿಂದ ಇಂದಿನವರೆಗೆ ಅವರ ಸ್ಪರ್ಧೆ ನಡೆದಿದೆ. ಹೀಗಿದ್ದೂ ಲಿವರ್‌ಪೂಲಿನ ಅತಿ ಹೆಚ್ಚು ಗೋಲುಗಳ ದಾಖಲೆ, ಒಟ್ಟು 346, ಇಯಾನ್ ರಷ್‌ನ ಹೆಸರಿನಲ್ಲಿದೆ, ಮತ್ತು ರಷ್ ಬಾಲ್ಯದಲ್ಲಿ ಎವರ್ಟನ್ ಅಭಿಮಾನಿ. ಆ ಅಭಿಮಾನ ಅವನ ಕಾಲನ್ನು ಎಷ್ಟು ತಡೆಯಿತೆಂದರೆ, 1982ರ ನವೆಂಬರ್ 6ರಂದು ಗುಡಿಸನ್ ಪಾರ್ಕಿನಲ್ಲೇ ಎವರ್ಟನ್‌ಗೆ ನಾಲ್ಕು ಗೋಲು ಹೊಡೆದ. ಆಟಗಾರನಾಗಿ ಇದ್ದಷ್ಟು ಕಾಲ ಆ ಒಂದು ತಂಡದ ಮೇಲೆ 25. ರಕ್ಷಣೆಯಲ್ಲಿ ನಿಂತು 737 ಪಂದ್ಯ ಆಡಿದ ಜೇಮೀ ಕ್ಯಾರಗರ್ ಕೂಡ ಎವರ್ಟನ್ ಮನೆತನದ ಹುಡುಗ. ಲಿವರ್‌ಪೂಲಿಗೆ ಗೋಲು ಹೊಡೆದ ರಾಬಿ ಫೌಲರ್, ಮೈಕೆಲ್ ಓವನ್ ಕೂಡ ಆ ಕಡೆಯವರೇ. ಎದುರು ಗ್ಯಾಲರಿಯವರು ಬೇಡವೆಂದು ಲಿವರ್‌ಪೂಲಿನ ಕಮಿಟಿ ಠರಾವು ಮಾಡಿದ್ದರೆ ಅವರ ಕಪಾಟಿನಲ್ಲಿ ಇಷ್ಟು ಕಪ್ಪುಗಳು ಇರುತ್ತಿರಲಿಲ್ಲ.

ನಿಮ್ಮ ಕಮಿಟಿಯ ಅರ್ಧ ಮಂದಿ ಬಳಸಿದ ‘ದ್ರೋಹಿ’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ದ್ರೋಹವಾಗಲು ಮೊದಲು ಒಂದು ಮಾತು ಕೊಟ್ಟಿರಬೇಕು. ಲೂಯಿಸ್ ಫಿಗೊ 2000ದಲ್ಲಿ ಬಾರ್ಸಿಲೋನಾದಿಂದ ನೇರವಾಗಿ ಅದರ ಕಡುವೈರಿಯಾದ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಅವನು ಅಭಿಮಾನಿಯಾಗಿರಲಿಲ್ಲ, ಆ ತಂಡದ ಆಧಾರಸ್ತಂಭವಾಗಿದ್ದ. 2002ರಲ್ಲಿ ಅವನು ಕಾರ್ನರ್ ಹೊಡೆಯಲು ನಿಂತಲ್ಲಿಗೆ ಬಾರ್ಸಿಲೋನಾದ ಗ್ಯಾಲರಿಯಿಂದ ಹಂದಿಯ ತಲೆ ಬಂದು ಬಿತ್ತು. ಆ ಸಿಟ್ಟನ್ನು ನಾನು ಒಪ್ಪುವುದಿಲ್ಲ, ಆದರೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ನಿಮ್ಮ ಹುಡುಗ ಯಾರ ಜೆರ್ಸಿಯನ್ನೂ ಬಿಚ್ಚಿ ಬಂದವನಲ್ಲ. ಹತ್ತು ವರ್ಷ ಅವರ ಗ್ಯಾಲರಿಯಲ್ಲಿ ಕೂತರೂ ಅವರು ಅವನನ್ನು ಆಟಕ್ಕೆ ಕರೆಯಲಿಲ್ಲ, ನೀವು ಕರೆದಿರಿ. ಮನಸ್ಸು ನೋಯಬೇಕಾದ ಪಕ್ಷ ಯಾವುದಾದರೂ ಇದ್ದರೆ ಅದು ಹೊಳೆಯ ಆಚೆಗಿದೆ.

ಹೀಗೆಂದ ಮಾತ್ರಕ್ಕೆ ನಿಮ್ಮ ಗ್ಯಾಲರಿಯ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೆವೆನ್ಸಿನ ಅಂಗಣ ಚಿಕ್ಕದು. ಗೆರೆಗೂ ಹಲಗೆಯ ಗ್ಯಾಲರಿಗೂ ನಡುವೆ ಲೈನ್ಸ್‌ಮನ್ ಒಬ್ಬ ಓಡುವಷ್ಟೇ ಜಾಗ. ನಡುವೆ ಆಡುವವನಿಗೆ ಕೇಳದ ಮಾತೆಲ್ಲ ವಿಂಗಿನವನಿಗೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಅದರಲ್ಲೂ ಲೆಫ್ಟ್ ವಿಂಗಿನವನು ಮೊದಲರ್ಧದಲ್ಲಿ ಒಂದು ಬದಿಯ ಗ್ಯಾಲರಿಯ ಮುಂದೆ ಓಡಿದರೆ, ದಿಕ್ಕು ಬದಲಾದ ಮೇಲೆ ಇನ್ನೊಂದರ ಮುಂದೆ ಓಡಬೇಕು. ಹೊಳೆಯಾಚೆಯವರೊಡನೆ ಪಂದ್ಯ ಬಂದ ದಿನ ಒಂದರ್ಧ ‘ಹೋದವನು’ ಎಂದೂ ಇನ್ನೊಂದರ್ಧ ‘ಬಂದವನು’ ಎಂದೂ ಬೈಸಿಕೊಳ್ಳುವ ಸ್ಥಾನ ಅದು. ಆದ್ದರಿಂದ ಅವನನ್ನು ತೆಗೆದುಕೊಳ್ಳುವುದಾದರೆ ಈಗಲೇ ತೆಗೆದುಕೊಳ್ಳಿ, ಸಣ್ಣ ಪಂದ್ಯಗಳಲ್ಲಿ ಐದಾರು ಸಲ ಆಡಿಸಿ, ನಿಮ್ಮವರ ಬಾಯಿಗೆ ಅವನ ಹೆಸರು ಅಭ್ಯಾಸವಾಗಲಿ. ನೇರವಾಗಿ ದೊಡ್ಡ ಪಂದ್ಯಕ್ಕೆ ಇಳಿಸಿದರೆ ಅವನು ತಪ್ಪಿಸಿದ ಮೊದಲ ಪಾಸೇ ಆ ಫೋಟೋಗೆ ಹೊಸ ಅರ್ಥ ಕೊಡುತ್ತದೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಲೆಫ್ಟ್ ಬ್ಯಾಕ್ ಆಗಿ ಆಡುತ್ತಿದ್ದ ಕಾಲದಲ್ಲಿ ನಮ್ಮ ಗೋಲ್‌ಕೀಪರನ ಮನೆ ಎದುರಾಳಿಗಳ ಊರಿನಲ್ಲಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ನಡೆದ ಒಂದು ಸೆಮಿಫೈನಲ್ಲಿನಲ್ಲಿ, ಅದೇ ಊರಿನವರು ಹೊಡೆದ ಚೆಂಡು ಭತ್ತದ ಕೂಳೆಗೆ ತಾಗಿ ಅವನ ಕಾಲುಗಳ ನಡುವಿನಿಂದ ಒಳಗೆ ಹೋಯಿತು. ‘ಬಿಟ್ಟುಕೊಟ್ಟ’ ಎಂದು ಆ ರಾತ್ರಿಯೇ ಮಾತಾಯಿತು. ಮುಂದಿನ ಸೀಸನ್ನಿಗೆ ಅವನು ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಚೆಂಡು ಹೊಡೆದವನನ್ನು ತಡೆಯಬೇಕಾಗಿದ್ದವನು ನಾನು. ಅವನು ನನ್ನ ಹಿಂದಿನಿಂದ ನುಸುಳಿ ಹೋಗಿದ್ದ. ನನ್ನ ಮನೆ ನಮ್ಮ ಮೈದಾನದ ಬೇಲಿಗೆ ತಾಗಿಕೊಂಡಿದ್ದುದರಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಬಾಯಿ ತೆರೆಯಲಿಲ್ಲ.

ಪ್ರಶ್ನೆ: ನಾನು ಅದೇ ಕ್ಲಬ್ಬಿನ ಹಿರಿಯ ಸದಸ್ಯ. ತಾಳಮದ್ದಳೆಯಲ್ಲಿ ವಿಭೀಷಣನ ಶರಣಾಗತಿಯನ್ನು ಎಷ್ಟೋ ಸಲ ಕೇಳಿದ್ದೇನೆ. ಅವನನ್ನು ಸೇರಿಸಿಕೊಂಡ ರಾಮನಿಗೆ ಲಂಕೆಯ ಗುಟ್ಟು ಸಿಕ್ಕಿತು, ಸರಿ. ಆದರೆ ಅಣ್ಣನನ್ನು ಬಿಟ್ಟು ಬಂದವನು ನಾಳೆ ನಮ್ಮನ್ನೂ ಬಿಡಲಾರನೇ ಎಂದು ಸುಗ್ರೀವ ಕೇಳಿದ ಪ್ರಶ್ನೆಯೂ ಸುಳ್ಳಲ್ಲವಲ್ಲ?
(ಹಿರಿಯ ಓದುಗರು, ಅದೇ ಊರು)

ಉತ್ತರ: ಪ್ರಸಂಗವನ್ನು ಸರಿಯಾಗಿಯೇ ಹಿಡಿದಿದ್ದೀರಿ, ಪಾತ್ರವನ್ನು ಮಾತ್ರ ತಪ್ಪಾಗಿ ಹಂಚಿದ್ದೀರಿ. ವಿಭೀಷಣ ರಾವಣನ ಸಭೆಯಲ್ಲಿ ಕುಳಿತವನು, ಅಲ್ಲಿ ಮಾತು ನಡೆಯದೆ ಮುನಿದು ಹೊರಟವನು. ನಿಮ್ಮ ಹುಡುಗ ಲಂಕೆಯ ಬೀದಿಯಲ್ಲಿ ನಿಂತು ಮೆರವಣಿಗೆ ನೋಡಿದ ಮಗು. ಅವನಿಗೆ ಹೊಳೆಯಾಚೆಯ ಯಾವ ಗುಟ್ಟೂ ಗೊತ್ತಿಲ್ಲ, ಆದ್ದರಿಂದ ತರಬಹುದಾದ ಲಾಭವೂ ಇಲ್ಲ, ಮಾಡಬಹುದಾದ ಮೋಸವೂ ಇಲ್ಲ.

ಆದರೂ ಆ ಸಭೆಯಿಂದ ನಿಮ್ಮ ಕಮಿಟಿ ಕಲಿಯಬಹುದಾದ ಒಂದು ಅಂಶವಿದೆ. ಸುಗ್ರೀವ ಬೇಡವೆಂದ, ಅಂಗದ ಪರೀಕ್ಷಿಸಬೇಕೆಂದ, ಜಾಂಬವಂತ ಬಂದ ಹೊತ್ತು ಸರಿಯಿಲ್ಲವೆಂದ, ಹನುಮಂತ ಬರಲಿ ಎಂದ. ರಾಮ ಎಲ್ಲರ ಮಾತನ್ನೂ ಕೇಳಿದ ಮೇಲೆ ಒಂದು ತೀರ್ಮಾನ ಹೇಳಿದ, ಮತ್ತು ಆ ತೀರ್ಮಾನದ ಮೇಲೆ ಮತ್ತೆ ಯಾರೂ ಗುಸುಗುಸು ಮಾಡಲಿಲ್ಲ. ನಿಮ್ಮಲ್ಲಿ ಕಮಿಟಿ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಇನ್ನೊಂದು ಕಮಿಟಿ ಸೇರುತ್ತದೆ ಎಂದು ಕಾರ್ಯದರ್ಶಿಯವರ ಪತ್ರದಿಂದ ತಿಳಿಯಿತು.

ಯಕ್ಷಗಾನದಿಂದಲೇ ಉದಾಹರಣೆ ಬೇಕಿದ್ದರೆ ರಂಗದ ಮೇಲಿನ ಕತೆಗಿಂತ ಚೌಕಿಯ (ವೇಷ ಕಟ್ಟುವ ಜಾಗದ) ಕತೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪತ್ತನಾಜೆಗೆ ತಿರುಗಾಟ ಮುಗಿದ ಮೇಲೆ ಒಂದು ಮೇಳದ ವೇಷಧಾರಿ ಮುಂದಿನ ವರ್ಷಕ್ಕೆ ಇನ್ನೊಂದು ಮೇಳಕ್ಕೆ ಹೋಗುವುದನ್ನು ನಾವು ಸಹಜವೆಂದು ಒಪ್ಪಿದ್ದೇವೆ. ಅವನು ಎಳವೆಯಲ್ಲಿ ಯಾವ ಮೇಳದ ಆಟಕ್ಕೆ ಚಾಪೆ ಹಾಸಿ ಕುಳಿತಿದ್ದನೆಂದು ಯಾವ ಯಜಮಾನನೂ ವಿಚಾರಿಸುವುದಿಲ್ಲ. ಬೆಳಗಿನ ಜಾವದವರೆಗೆ ಗಂಟಲು ನಿಲ್ಲುತ್ತದೆಯೇ, ಹೇಳಿದ ಹೊತ್ತಿಗೆ ಚೌಕಿಗೆ ಬರುತ್ತಾನೆಯೇ ಎಂದು ವಿಚಾರಿಸುತ್ತಾನೆ. ಫುಟ್‌ಬಾಲಿನಲ್ಲಿ ಮಾತ್ರ ನಾವು ರಕ್ತದ ಪರೀಕ್ಷೆ ಕೇಳುತ್ತೇವೆ.

ಪ್ರಶ್ನೆ: ಆ ಫೋಟೋದಲ್ಲಿರುವವನು ನಾನೇ. ಹೊಳೆಯಾಚೆಯ ಕ್ಲಬ್ಬಿನ ಮೇಲಿನ ಪ್ರೀತಿ ಈಗಲೂ ಹೋಗಿಲ್ಲ, ಸುಳ್ಳು ಹೇಳಲಾರೆ. ಇವರು ನನ್ನನ್ನು ನಿಲ್ಲಿಸಿ ‘ಇನ್ನು ನಾನು ನಿಮ್ಮವನು’ ಎಂದು ಎಲ್ಲರೆದುರು ಹೇಳಬೇಕೆನ್ನುತ್ತಿದ್ದಾರೆ. ಹೇಳಲೇ? ಅವರ ವಿರುದ್ಧ ಗೋಲು ಹೊಡೆದರೆ ಸಂಭ್ರಮಿಸಬೇಕೇ?
(ಹೆಸರು ಬೇಡ)

ಉತ್ತರ: ಹೇಳಬೇಡಿ. ಹೇಳಿಸುವವರಿಗೂ ಅದು ನಂಬುವ ಮಾತಲ್ಲ, ಅವರಿಗೆ ಬೇಕಾಗಿರುವುದು ನೀವು ತಲೆ ತಗ್ಗಿಸುವುದನ್ನು ನೋಡುವ ಸುಖ. ಕೇಳಿದರೆ, ‘ಚಿಕ್ಕಂದಿನಿಂದ ಅವರ ಅಭಿಮಾನಿ, ಈ ಸೀಸನ್ನಿನಲ್ಲಿ ನಿಮ್ಮ ಆಟಗಾರ’ ಎಂದಿಷ್ಟೇ ಹೇಳಿ. ಎರಡೂ ನಿಜ, ಮತ್ತು ಎರಡನೆಯದಕ್ಕೆ ಮೊದಲನೆಯದು ಅಡ್ಡಿಯಲ್ಲ.

ಅತಿಯಾಗಿ ಮಾತು ಕೊಟ್ಟವರ ಪಾಡು ಏನಾಯಿತೆಂದು ವೇಯ್ನ್ ರೂನಿಯನ್ನು ನೋಡಿದರೆ ತಿಳಿಯುತ್ತದೆ. ಅವನು ಹುಟ್ಟು ಎವರ್ಟನ್ ಅಭಿಮಾನಿ, ಆ ಕ್ಲಬ್ಬಿನಲ್ಲೇ ಆಡಿ ಬೆಳೆದವನು. 2002ರಲ್ಲಿ ಕಿರಿಯರ ಕಪ್ಪಿನ ಫೈನಲ್ಲಿನಲ್ಲಿ ಜೆರ್ಸಿ ಎತ್ತಿ, ಒಮ್ಮೆ ನೀಲಿಯಾದವನು ಎಂದೆಂದೂ ನೀಲಿ (ನೀಲಿ ಎವರ್ಟನ್ನಿನ ಬಣ್ಣ) ಎಂಬ ಅರ್ಥದ ಬರಹವಿದ್ದ ಒಳಂಗಿಯನ್ನು ತೋರಿಸಿದ. ಎರಡೇ ವರ್ಷಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ ಎವರ್ಟನ್ನಿನವರನ್ನು ಚುಚ್ಚಿದ್ದು ಅವನು ಹೋದದ್ದಕ್ಕಿಂತ ಆ ಒಳಂಗಿಯ ನೆನಪು. ಮುಂದೆ ಅದೇ ಎವರ್ಟನ್ನಿನ ಮೈದಾನದಲ್ಲಿ ಯುನೈಟೆಡ್‌ನ ಲಾಂಛನಕ್ಕೆ ಮುತ್ತಿಟ್ಟು ಗಾಯಕ್ಕೆ ಉಪ್ಪು ಹಚ್ಚಿದ. ಹದಿಮೂರು ವರ್ಷಗಳ ನಂತರ, 2017ರಲ್ಲಿ, ಎವರ್ಟನ್ನಿಗೇ ಹಿಂದಿರುಗಿ ಬಂದ ಎಂಬುದು ಬೇರೆ ಮಾತು. ಆದ್ದರಿಂದ ಲಾಂಛನಕ್ಕೆ ಮುತ್ತಿಡುವ ಅಭ್ಯಾಸವನ್ನು ಮಾತ್ರ ಇಟ್ಟುಕೊಳ್ಳಬೇಡಿ, ಯಾವ ಕ್ಲಬ್ಬಿನಲ್ಲಿದ್ದರೂ.

ಗೋಲಿನ ವಿಷಯ. 1974ರ ಏಪ್ರಿಲ್ 27ರಂದು ಡೆನಿಸ್ ಲಾ, ಹನ್ನೊಂದು ವರ್ಷ ಆಡಿದ ಮ್ಯಾಂಚೆಸ್ಟರ್ ಯುನೈಟೆಡ್‌ನ ವಿರುದ್ಧ, ಅದೇ ನಗರದ ಸಿಟಿ ತಂಡದ ಪರವಾಗಿ, ಹಿಮ್ಮಡಿಯಿಂದ ಗೋಲು ಹೊಡೆದ. ಕೈ ಎತ್ತಲಿಲ್ಲ, ನಗಲಿಲ್ಲ, ತಲೆ ತಗ್ಗಿಸಿ ನಡೆದ. ಸಹ ಆಟಗಾರರು ಬೆನ್ನು ತಟ್ಟಿದರೂ ಮುಖ ಬದಲಾಗಲಿಲ್ಲ. ಯುನೈಟೆಡ್ ಆ ವರ್ಷ ಕೆಳಗಿನ ವಿಭಾಗಕ್ಕೆ ಇಳಿಯಿತು, ಬೇರೆ ಪಂದ್ಯಗಳ ಫಲಿತಾಂಶದಿಂದ ಹೇಗೂ ಇಳಿಯಬೇಕಾಗಿತ್ತು. ಲಾ ಮಾಡಿದ್ದು ಅವನಿಗೆ ಶೋಭಿಸುತ್ತದೆ, ಏಕೆಂದರೆ ಎದುರಿಗಿದ್ದವರು ಅವನ ಹನ್ನೊಂದು ವರ್ಷದ ಜೊತೆಗಾರರ ತಂಡ. ನಿಮಗೆ ಆ ಹಕ್ಕು ಇನ್ನೂ ಬಂದಿಲ್ಲ. ಹತ್ತೊಂಬತ್ತರ ಹುಡುಗ ಗೋಲು ಹೊಡೆದು ಸೂತಕದ ಮುಖ ಮಾಡಿಕೊಂಡರೆ ಪಾಸು ಕೊಟ್ಟವನಿಗೆ ಅವಮಾನ. ಪಾಸು ಕೊಟ್ಟವನ ಕಡೆಗೆ ಓಡಿ ಅವನನ್ನು ಅಪ್ಪಿಕೊಳ್ಳಿ. ಎದುರು ಗ್ಯಾಲರಿಯ ಕಡೆಗೆ ಕಿವಿಗೆ ಕೈ ಹಿಡಿದು ಓಡಬೇಡಿ. ಇವೆರಡರ ನಡುವೆ ಸಾಕಷ್ಟು ಜಾಗವಿದೆ.

ಪ್ರಶ್ನೆ: ನನ್ನ ತಮ್ಮ ಕೊಚ್ಚಿಯ ಕ್ಲಬ್ಬಾದ ಕೇರಳ ಬ್ಲಾಸ್ಟರ್ಸ್‌ನ ಹುಚ್ಚು ಅಭಿಮಾನಿ, ಕೋಣೆಯ ಗೋಡೆಯೆಲ್ಲ ಅವರ ಹಳದಿ. ಈಗ ಬೆಂಗಳೂರಿನ ಕ್ಲಬ್ಬೊಂದರ ಕಿರಿಯರ ಆಯ್ಕೆಗೆ ಹೋಗಲು ಅವಕಾಶ ಬಂದಿದೆ. 2023ರಲ್ಲಿ ನಡೆದದ್ದು ನೆನಪಿದ್ದೂ ಹೋಗುವುದೇ ಎಂದು ಕೇಳುತ್ತಾನೆ. ಮನೆಯಲ್ಲಿ ನಾವು ಕನ್ನಡದವರು, ಅದರ ಮೇಲೆ ಇನ್ನೊಂದು ಚರ್ಚೆ.
(ಓದುಗರು, ಮಂಜೇಶ್ವರ)

ಉತ್ತರ: 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದನ್ನು ಮರೆತವರಿಗಾಗಿ ಹೇಳುತ್ತೇನೆ. ಹೆಚ್ಚುವರಿ ಅವಧಿಯಲ್ಲಿ ಬ್ಲಾಸ್ಟರ್ಸ್‌ನವರು ಆಟಗಾರರ ಗೋಡೆ ಕಟ್ಟುವ ಮೊದಲೇ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟುಹೋಯಿತು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ತಮ್ಮನ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಛೆಟ್ರಿ ಕೋಲ್ಕತ್ತದ ಬದ್ಧ ವೈರಿಗಳಾದ ಎರಡು ಕ್ಲಬ್ಬುಗಳಿಗೆ, ಮೊದಲು ಮೋಹನ್ ಬಗಾನಿಗೂ ಆಮೇಲೆ ಈಸ್ಟ್ ಬೆಂಗಾಲಿಗೂ, ಆಡಿದವರು, ಕಣ್ಣೂರಿನ ಸಿ.ಕೆ. ವಿನೀತ್ ಬೆಂಗಳೂರಿಗೂ ಬ್ಲಾಸ್ಟರ್ಸ್‌ಗೂ ಆಡಿದವರು. ನಮ್ಮದೇ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ 2014ರಲ್ಲಿ, ಇಂಡಿಯನ್ ಸೂಪರ್ ಲೀಗಿನ ಫೈನಲ್ಲಿನಲ್ಲಿ ಬ್ಲಾಸ್ಟರ್ಸನ್ನು ಸೋಲಿಸಿದ ಕೋಲ್ಕತ್ತದ ತಂಡದಲ್ಲಿದ್ದರು. ಆ ದಿನ ಗೋಲು ಹೊಡೆದ ಮೊಹಮ್ಮದ್ ರಫೀಕ್ ಬೇರೆ ವ್ಯಕ್ತಿ, ಇಬ್ಬರನ್ನೂ ಒಂದೇ ಮಾಡಿ ನಮ್ಮವರು ಬಸ್ಸಿನಲ್ಲಿ ಈಗಲೂ ಜಗಳವಾಡುತ್ತಾರೆ. ಮರುವರ್ಷ ರಾಫಿ ಬ್ಲಾಸ್ಟರ್ಸ್‌ಗೆ ಬಂದರು, ಮತ್ತು 2016ರ ಫೈನಲ್ಲಿನಲ್ಲಿ, ಕೊಚ್ಚಿಯಲ್ಲಿ, ಅದೇ ಕೋಲ್ಕತ್ತದ ವಿರುದ್ಧ ಬ್ಲಾಸ್ಟರ್ಸ್‌ನ ಏಕೈಕ ಗೋಲನ್ನು ತಲೆಯಿಂದ ಹೊಡೆದರು. ಪೆನಾಲ್ಟಿಗಳಲ್ಲಿ ಸೋತರೆಂಬುದು ಬೇರೆ ದುಃಖ.

ಗೋಡೆಯ ಹಳದಿ ಚಿತ್ರಗಳನ್ನು ತೆಗೆಯಬೇಕಾಗಿಯೂ ಇಲ್ಲ. 1967ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿನವರು ಮಾತುಕತೆಗೆ ಮನೆಗೆ ಬಂದಾಗ, ಕಡುವೈರಿ ರೇಂಜರ್ಸ್‌ನ ಅಭಿಮಾನಿಯಾಗಿದ್ದ ಕೆನ್ನಿ ಡಾಲ್ಗ್ಲಿಶ್ ಎಂಬ ಹುಡುಗ ತನ್ನ ಕೋಣೆಗೆ ಓಡಿ ಗೋಡೆಯ ಚಿತ್ರಗಳನ್ನು ಕಿತ್ತನಂತೆ. ಮುಂದಿನ ಹತ್ತು ವರ್ಷ ಅವನು ಸೆಲ್ಟಿಕ್‌ನಲ್ಲಿದ್ದು 167 ಗೋಲು ಹೊಡೆದ. ನಿಮ್ಮ ಮನೆಗೆ ಬೆಂಗಳೂರಿನಿಂದ ಯಾರೂ ಗೋಡೆ ನೋಡಲು ಬರುವುದಿಲ್ಲ. ಭಾಷೆಯ ಚರ್ಚೆಯನ್ನು ಆಯ್ಕೆ ಮುಗಿಯುವವರೆಗೆ ಮುಂದೂಡಿ. ಮಂಜೇಶ್ವರದವರಿಗೆ ಕೊಚ್ಚಿಯೂ ಬೆಂಗಳೂರೂ ಒಂದೊಂದು ರಾತ್ರಿಯ ಪ್ರಯಾಣ, ಟಿಕೆಟ್ ಬೇಗ ಮಾಡಿಸಿ.

ಪ್ರಶ್ನೆ: ಹುಡುಗನನ್ನು ಹೆಗಲ ಮೇಲೆ ಹೊತ್ತವನು ನಾನು. ನಲವತ್ತು ವರ್ಷದಿಂದ ನಮ್ಮ ಕ್ಲಬ್ಬಿನ ಗ್ಯಾಲರಿಯಲ್ಲೇ ಕುಳಿತವನು. ಅವನು ಆ ಕಡೆ ಆಡುವ ದಿನ ನಾನು ಎಲ್ಲಿ ಕೂರಲಿ?
(ಸೋದರಮಾವ, ಹೊಳೆಯಾಚೆ)

ಉತ್ತರ: ಎಂದಿನ ಜಾಗದಲ್ಲೇ ಕುಳಿತುಕೊಳ್ಳಿ, ಎಂದಿನಂತೆ ನಿಮ್ಮ ತಂಡಕ್ಕೇ ಕೂಗಿ, ಅವನು ಗೆಲ್ಲಲೆಂದು ನೀವು ಪಕ್ಷ ಬದಲಿಸಿದರೆ ಮೊದಲು ಮುಜುಗರಪಡುವವನು ಅವನೇ. ಆದರೆ ರಾತ್ರಿಯ ಪಂದ್ಯಗಳು ಮುಗಿಯುವಾಗ ನಿಮ್ಮ ಕಡೆಗೆ ಬಸ್ಸಿಲ್ಲವೆಂದು ಕಾರ್ಯದರ್ಶಿಯವರು ಬರೆದಿದ್ದಾರೆ, ಅವನನ್ನು ತಲುಪಿಸಲು ಅವರಿಗೆ ಜೀಪಿನ ಖರ್ಚು ಬೇರೆ. ನಿಮ್ಮ ಸ್ಕೂಟರು ಹೇಗೂ ಅಲ್ಲೇ ನಿಂತಿರುತ್ತದೆ. ಸೋತರೂ ಗೆದ್ದರೂ ಸೇತುವೆ ದಾಟುವವರೆಗೆ ಪಂದ್ಯದ ಮಾತು ತೆಗೆಯದೆ ಅವನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬನ್ನಿ.